ಎರಡನೇ ಭಾಗ, ಮೂರನೇ ಕೊನೆ

ಗುರುವಾರ ರಾತ್ರಿ ಎಂಟೂವರೆ.
ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಬಗಲಲ್ಲಿ
ನನ್ನ ಕೀಲಿಕೈ ಗೂಡಂಗಡಿ, ಎದುರಿಗೆ ಗೋಳಿಬಜೆಯ ಗಾಡಿ.
ಎಣ್ಣೆ ಕಾಯುವ ಮೊದಲೇ ಇವರು ಕಾಯುತ್ತಾರೆ:
‘ಇಸ್ತ್ರಿ ಪ್ರೇತ, ಭಾಗ ಎರಡು.’
ಹನ್ನೊಂದೇ ದಿನ ಓಡಿದ ಸಿನೆಮಾ ಮಾರಾಯ್ರೆ,
ಇಪ್ಪತ್ತಾರು ವರ್ಷದಿಂದ ಇವರ ಬಾಯಲ್ಲಿ ಓಡುತ್ತಿದೆ.

ನೋಡದವರಿಗೆ ಹೇಳುತ್ತೇನೆ.
ಇಸ್ತ್ರಿ ಅಂಗಡಿಯ ಸಂಕಪ್ಪ ಮೊದಲ ಭಾಗದಲ್ಲೇ ಸತ್ತಿದ್ದಾನೆ.
ಸತ್ತರೂ ಕೆಲಸ ಬಿಟ್ಟಿಲ್ಲ. ನಡುರಾತ್ರಿ ಬಂದು
ಊರವರ ಅಂಗಿಗೆ ಗೆರೆ ಕೂರಿಸಿ ಹೋಗುತ್ತಾನೆ;
ಬಾಕಿ ಇಟ್ಟವರಿಗೆ ಮಾತ್ರ
ಬೆನ್ನ ಮೇಲೆ ಸುಟ್ಟ ಕಂದು ತ್ರಿಕೋನ.
ಪಂಚಾಯತಿನ ಅಧ್ಯಕ್ಷ ಧ್ವಜ ಹಾರಿಸಲು ಬೆನ್ನು ತಿರುಗಿಸಿದಾಗ
ಜನ ನಕ್ಕ ನಗೆಗೆ ಬಾಲ್ಕನಿಯ ಎರಡು ಕುರ್ಚಿ ಮುರಿದಿತ್ತು.

ಎರಡನೇ ಭಾಗದ ಕೊನೆಗೆ ಒಂದು ಸೀರೆ ಬರುತ್ತದೆ.
ಅವನ ಹೆಂಡತಿಯದು.
ನಾಳೆ ಅವಳಿಗೆ ಮದುವೆ, ಬೇರೆಯವನೊಟ್ಟಿಗೆ.
ಸಂಕಪ್ಪ ಕೆಂಡ ಊದುತ್ತಾನೆ. ಪೆಟ್ಟಿಗೆ ಎತ್ತುತ್ತಾನೆ.
ಆಮೇಲೆ?

‘ಆಮೇಲೆ ಎಂತ, ಸುಡ್ತಾನೆ,’
ಎನ್ನುತ್ತಾಳೆ ಕೋರ್ಟಿನ ಟೈಪಿಸ್ಟ್ ಸುಗಂಧಿ.
‘ಸೆರಗಿನಲ್ಲಿ, ಸರೀ ಎದೆಯ ಜಾಗಕ್ಕೆ.
ಉಡುಪಿಯಲ್ಲಿ ನಾನು ಕಂಡದ್ದು, ಈ ಎರಡು ಕಣ್ಣಲ್ಲಿ.’

‘ಸುಳ್ಳು,’ ಮೊಯ್ದಿನಬ್ಬ ಗ್ಲಾಸು ಕುಕ್ಕುತ್ತಾನೆ.
‘ಕಾಸರಗೋಡಿನ ಪ್ರಿಂಟಿನಲ್ಲಿ ಒಂದು ಸುಕ್ಕಿಲ್ಲದೆ ತಿಕ್ಕಿ,
ಮಡಚಿ, ಮೇಲೆ ಚೀಟಿ ಅಂಟಿಸುತ್ತಾನೆ: ಬಾಕಿ ಇಲ್ಲ.’
ಹೇಳುವಾಗ ಪ್ರತಿ ಸಲವೂ ಕಣ್ಣು ತುಂಬುತ್ತದೆ ಅವನಿಗೆ,
ತಪ್ಪು ಚಟ್ನಿಯ ಮೇಲೆ ಹಾಕುತ್ತಾನೆ.

ಫೌಸ್ತಿನ್ ಕ್ರಾಸ್ತಾ ಎದ್ದು ನಿಲ್ಲದೆ ಮಾತಾಡುವವನಲ್ಲ:
‘ಮಂಡೆ ಉಂಟಾ ನಿಮಗೆ? ಮಂಗಳೂರಿನ ಕೊನೆಯೇ ಕೊನೆ.
ಎತ್ತಿದ ಕೈ. ಹೊಗೆ. ಶುಭಂ.
ಅಷ್ಟಕ್ಕೇ ನಿಲ್ಲಿಸಿದ ನೋಡಿ ಡೈರೆಕ್ಟರು, ಅದು ತಲೆ!
ಉಳಿದದ್ದು ನಾವು ತಿಕ್ಕಬೇಕು.’
ಸಿಡಿಯಲ್ಲಿ ನೋಡಿದ ಕಾಲೇಜು ಹುಡುಗರೆಲ್ಲ ಅವನ ಪಕ್ಷ.
ಒಬ್ಬಳು ಅದರ ಮೇಲೆ ಪ್ರಬಂಧವನ್ನೇ ಬರೆದಿದ್ದಾಳಂತೆ,
ಇಸ್ತ್ರಿಯ ಮೌನ ಎಂದು.

ನಾನು ಕೀಲಿ ತಿಕ್ಕುತ್ತೇನೆ. ಕಿರ್ರ್.
ಆ ತಲೆ ಯಾರದೆಂದು ಹೇಗೆ ಹೇಳಲಿ?

ನ್ಯೂ ಶೋಭಾ ಟಾಕೀಸಿನ ಆಪರೇಟರು ನಾನು.
ಸೆಕೆಂಡ್ ಶೋ ಬಿಡುವುದು ಹನ್ನೆರಡು ನಾಲ್ಕಕ್ಕೆ,
ಕಿನ್ನಿಗೋಳಿಯ ಲಾಸ್ಟ್ ಬಸ್ಸು ಹೊರಡುವುದು ಹನ್ನೆರಡು ಮೂರಕ್ಕೆ.
ಮೊದಲ ರಾತ್ರಿ ನಲವತ್ತು ಜನ ಕೊನೆ ಬಿಟ್ಟು ಓಡಿದರು,
ಕೊನೆ ನೋಡಿದವರು ಟಾಕೀಸಿನ ಮೆಟ್ಟಿಲಲ್ಲಿ ಮಲಗಿದರು,
ಸೊಳ್ಳೆ ಹೊಡೆಯುತ್ತಾ, ನನಗೆ ಬೈಯುತ್ತಾ.
ಮರುದಿನ ಬ್ಲೇಡು ತೆಗೆದೆ.
ನಾಲ್ಕು ನಿಮಿಷ. ಮುನ್ನೂರ ಅರವತ್ತು ಅಡಿ.
ಎತ್ತಿದ ಕೈಗೆ ‘ಶುಭಂ’ ಅಂಟಿಸಿದೆ.

ಆ ಬಸ್ಸಿನ ಕಂಡಕ್ಟರು ಫೌಸ್ತಿನನೇ.
ಟಾಕೀಸಿನ ಕೆಳಗೆ ನಿಂತು ಸೀಟಿ ಊದುತ್ತಿದ್ದವ.

ಪ್ರಿಂಟು ವಾಪಸು ಕಳಿಸುವಾಗ ಜೋಡಿಸಿ ಕೊಡಬೇಕಿತ್ತು.
ಮರೆತೆ.
ಅದರಿಂದಲೇ ಸಿಡಿಯಾಯಿತು, ಲೋಕಕ್ಕೆಲ್ಲ ಅದೇ ಕೊನೆಯಾಯಿತು.
ತುಂಡು ಮನೆಯಲ್ಲುಂಟು, ಬಿಸ್ಕೆಟಿನ ಡಬ್ಬದಲ್ಲಿ.
ಮೊನ್ನೆ ತೆರೆದರೆ ವಿನೆಗರಿನ ಘಾಟು,
ಹಳೆಯ ಬೆಲ್ಲದ ಹಾಗೆ ಒಂದೇ ಅಚ್ಚು;
ಉಗುರಿನಲ್ಲಿ ಬಿಡಿಸಿದೆ, ಉಗುರಿಗಷ್ಟೇ ಬಂತು.

‘ಐತಪ್ಪಣ್ಣ, ನೀವು ಟಾಕೀಸಲ್ಲಿದ್ದವರು.
ಒಮ್ಮೆ ಹೇಳಿಬಿಡಿ, ಯಾವುದು ನಿಜ?’
ಎಲ್ಲರೂ ನನ್ನ ಕಡೆ ತಿರುಗಿದ್ದಾರೆ,
ಸುಗಂಧಿಯ ಕೈಯಲ್ಲಿ ಅರ್ಧ ಬಜೆ ಆರುತ್ತಿದೆ.

ಮೊದಲ ರಾತ್ರಿ, ಆ ನಾಲ್ಕು ನಿಮಿಷ
ಕಿಂಡಿಯಲ್ಲಿ ನಾನು ಪರದೆ ನೋಡಲಿಲ್ಲ.
ಗಡಿಯಾರ ನೋಡಿದೆ.
ಕತ್ತರಿಸುವಾಗಲೂ ಅಡಿ ಎಣಿಸಿದೆನೇ ಹೊರತು
ಬೆಳಕಿಗೆ ಹಿಡಿದು ಅವಳ ಸೀರೆಗೆ ಏನಾಯಿತೆಂದು
ಒಂದು ಕಣ್ಣು ಹಾಯಿಸಲಿಲ್ಲ.

‘ಕೀ ರೆಡಿ,’ ಅಂದೆ. ‘ಅರವತ್ತು ರೂಪಾಯಿ.’
ನಕ್ಕರು. ಫೌಸ್ತಿನ್ ಬೆನ್ನು ತಟ್ಟಿದ.

ಬೆಳಿಗ್ಗೆ ಅಂಗಿ ಹಾಕುವ ಮೊದಲು
ತಿರುಗಿಸಿ ಬೆನ್ನು ನೋಡುವ ಅಭ್ಯಾಸ ನನಗೆ.
ಇವತ್ತೂ ಬಿಳಿಯೇ.
ಮತ್ತೊಮ್ಮೆ ನೋಡಿದೆ.